ಒಗರಿನ ಅಳತೆ: ದನದ ಹೊಟ್ಟೆ, ಗಿಡದ ಸಾರ

(ಮಟಮಾರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದಾಗ ದಾಸ ಸಾಹಿತ್ಯವೋ ವಚನವೋ ಇರಬೇಕು ಎಂದುಕೊಂಡು ಬಂದವರಿಗೆ ಇವತ್ತಿನ ವಿಷಯ ಕೇಳಿ ಒಳಗೊಳಗೇ ನಗು ಬಂದಿರಬಹುದು. ತಪ್ಪಿಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹಾಡಿದ ನೆಲ ಇದು. ಆದರೆ ದತ್ತಿ ಇಟ್ಟವರು ಎತ್ತು ಎಮ್ಮೆ ಕಟ್ಟಿಕೊಂಡೇ ಬದುಕಿದವರು. ಅವರ ಮನೆಯ ಹಿರಿಯರೊಬ್ಬರು, "ಈ ಸಲ ದನದ ಹೊಟ್ಟಿ ಬಗ್ಗೆ ಮಾತಾಡ್ರಿ, ಅದೂ ಸಾಹಿತ್ಯಾನ ಐತಿ" ಎಂದರು. ರಾಯಚೂರು, ಮಾನ್ವಿ, ದೇವದುರ್ಗದ ದನದ ದವಾಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಿರಲಿಲ್ಲ.

ರಾಯಚೂರು ನಗರದ ಯಾವ ಪಶು ಔಷಧಿ ಅಂಗಡಿಗೆ ಹೋದರೂ ಒಂದು ಕಪಾಟು ಹಸಿರು ಎಲೆಯ ಚಿತ್ರವಿರುವ ಬಾಟಲಿ, ಪುಡಿಯ ಪೊಟ್ಟಣಗಳಿಂದ ತುಂಬಿರುತ್ತದೆ. ಅವುಗಳ ಮೇಲೆ ಸಾಮಾನ್ಯವಾಗಿ ಮೂರು ಮಾತು: ಜೀರ್ಣಶಕ್ತಿ ಹೆಚ್ಚುತ್ತದೆ, ಹಾಲು ಹೆಚ್ಚುತ್ತದೆ, ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವಿಲ್ಲ. ಮೊದಲನೆಯದು ನಿಜವಿರಬಹುದು. ಎರಡನೆಯದು ನೀವು ಹಾಕುವ ಮೇವಿನ ಮೇಲೆ ನಿಂತದ್ದು. ಮೂರನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೊಟ್ಟೆಯೊಳಗೆ ನಿಜಕ್ಕೂ ಕೆಲಸ ಮಾಡುವ ಗಿಡಕ್ಕೆ ಅಡ್ಡಪರಿಣಾಮ ಇದ್ದೇ ಇರುತ್ತದೆ. ಅಡ್ಡಪರಿಣಾಮವೇ ಇಲ್ಲದ ಗಿಡ ಬಹುಮಟ್ಟಿಗೆ ಕೆಲಸವನ್ನೂ ಮಾಡುವುದಿಲ್ಲ. ಎಲ್ಲವೂ ಅಳತೆಯ ಮೇಲೆ, ಅದರ ಜೊತೆ ಹೊಟ್ಟೆಯಲ್ಲಿ ಬೇರೆ ಏನಿದೆ ಎಂಬುದರ ಮೇಲೆ ನಿಂತಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಈ ನೆಲಕ್ಕೆ ದನ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1957ರಲ್ಲಿ ಕೃಷ್ಣೆಯ ಆಚೆ, ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದರು. ಇಂಥ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಅದು ದೊಡ್ಡಿಗಳಲ್ಲಿ ಪದರಪದರವಾಗಿ ಕೂಡಿ, ಸುಟ್ಟ ಸೆಗಣಿ ಎಂದು ಖಚಿತವಾಯಿತು. ಉಟ್ನೂರಿನ ಆ ಪದರಗಳಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ಭಾಗದ ಜನ ದನ ಕಟ್ಟಿ ಮೇಯಿಸುತ್ತಿದ್ದರು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೊಂದು ಸಾಕ್ಷಿಯನ್ನು ರೈಲಿನಲ್ಲೇ ಹೋಗಿ ನೋಡಬಹುದು. ನಮ್ಮ ಮಟಮಾರಿ ಸ್ಟೇಶನ್ ದಾಟಿದ ಹಳಿ ಮಂತ್ರಾಲಯಂ ರೋಡ್, ಆದೋನಿ, ಗುಂತಕಲ್ಲು ಮುಟ್ಟಿ ಗುತ್ತಿಗೆ ಹೋಗುತ್ತದೆ. ಗುತ್ತಿಯ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕೂ ಹಿರಿಯ ಶಾಸನಗಳಿವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು ಹೇಳುತ್ತದೆ. ನಮ್ಮ ಮಸ್ಕಿಯಲ್ಲಿರುವುದು ಕಿರಿಯ ಶಾಸನ. ಅದರಲ್ಲಿ ಅಶೋಕನ ಹೆಸರಿದೆ, ದನದ ಮಾತಿಲ್ಲ. ಮಸ್ಕಿಗೆ ಹೋಗಿಬಂದವರು ಎರ್ರಗುಡಿಗೂ ಒಮ್ಮೆ ಹೋಗಿಬನ್ನಿ.

ಈಗ ಹೊಟ್ಟೆಗೆ ಬರೋಣ. ಮೆಲುಕು ಹಾಕುವ ಪ್ರಾಣಿಯ ನಾಲ್ಕು ಕೋಣೆಗಳಲ್ಲಿ ದೊಡ್ಡದಾದ ರೂಮೆನ್‌ ಅನ್ನು ನಾವು ದೊಡ್ಡ ಹೊಟ್ಟೆ ಎಂದೇ ಕರೆಯೋಣ. ಬಲಿತ ಎಮ್ಮೆಯಲ್ಲಿ ಅದು ನೂರು ಲೀಟರಿನ ಡ್ರಮ್ಮಿಗೆ ಕಡಿಮೆಯಿಲ್ಲ. ಅದರೊಳಗಿನ ನೀರು ಒಂದು ಮಿಲಿಲೀಟರ್ ತೆಗೆದರೆ ಸಾವಿರ ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ, ಲಕ್ಷಗಟ್ಟಲೆ ಪ್ರೊಟೊಜೋವ ಇರುತ್ತವೆ. ಪ್ರೊಟೊಜೋವಗಳನ್ನು 1843ರಲ್ಲೇ ಪ್ಯಾರಿಸ್ಸಿನ ಗ್ರೂಬಿ ಮತ್ತು ಡೆಲಾಫಾಂಡ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಎಮ್ಮೆ ತಾನೇ ಜೋಳದ ಕಣಿಕಿ ಕರಗಿಸಲಾರದು. ನಾರು ಕರಗಿಸುವ ರಸ ಅದರ ದೇಹದಲ್ಲಿ ಹುಟ್ಟುವುದೇ ಇಲ್ಲ. ಆ ಕೆಲಸ ಈ ಜೀವಿಗಳದು. ಅವು ನಾರನ್ನು ಹುಳಿಯಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಬಿಡುತ್ತವೆ. ದನಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಅಲ್ಲಿಂದಲೇ ಬರುತ್ತದೆ. ಸತ್ತ ಬ್ಯಾಕ್ಟೀರಿಯಾಗಳೇ ಮುಂದೆ ನಾಲ್ಕನೆಯ ಕೋಣೆಯಲ್ಲಿ ಜೀರ್ಣವಾಗಿ ದನಕ್ಕೆ ಪ್ರೋಟೀನ್ ಆಗುತ್ತವೆ. ನೀವು ಗೋದಲಿಯಲ್ಲಿ ಹಾಕುವುದು ಮೊದಲು ಇವುಗಳ ಊಟ. ಇವು ತಿಂದು ಬಿಟ್ಟದ್ದು, ಕೊನೆಗೆ ಇವೇ, ಎಮ್ಮೆಯ ಊಟ.

ದೊಡ್ಡ ಹೊಟ್ಟೆ ನಡೆಯುತ್ತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಎಮ್ಮೆಯ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ತಗ್ಗಿದೆಯಲ್ಲ, ಅಲ್ಲಿ ಮುಷ್ಟಿ ಒತ್ತಿ ಹಿಡಿದು ಸುಮ್ಮನೆ ನಿಲ್ಲಿ. ಎರಡು ನಿಮಿಷದಲ್ಲಿ ಎರಡು ಮೂರು ಸಲ ಒಳಗಿನಿಂದ ನಿಮ್ಮ ಮುಷ್ಟಿಯನ್ನು ಹೊರಕ್ಕೆ ತಳ್ಳಬೇಕು. ತಳ್ಳದಿದ್ದರೆ ತೊಂದರೆ ಇದೆ. ಇನ್ನೊಂದು ಪರೀಕ್ಷೆ ಸೆಗಣಿಯದು. ಒಂದು ಹಿಡಿ ತಾಜಾ ಸೆಗಣಿಯನ್ನು ಜರಡಿಗೆ ಹಾಕಿ ಮೇಲೆ ನೀರು ಬಿಡಿ. (ಅಡುಗೆಮನೆಯ ಜರಡಿ ಬೇಡ, ಬೈಸಿಕೊಳ್ಳುತ್ತೀರಿ.) ಹಸಿರು ನೀರು ಹೋದ ಮೇಲೆ ಉಳಿಯುವುದನ್ನು ಬೆರಳಲ್ಲಿ ಹರವಿ ನೋಡಿ. ಬೆರಳುದ್ದದ ನಾರು, ಇಡೀ ಜೋಳದ ಕಾಳು, ಹತ್ತಿಕಾಳಿನ ಸಿಪ್ಪೆಯೊಳಗೆ ಹಾಗೇ ಉಳಿದ ಬೇಳೆ ಕಂಡರೆ ನೀವು ಹಾಕಿದ ಮೇವಿನ ದುಡ್ಡು ತಿಪ್ಪೆಗೆ ಹೋಗುತ್ತಿದೆ ಎಂದೇ ಅರ್ಥ. ಯಾವ ಪೊಟ್ಟಣ ಕೊಳ್ಳುವ ಮೊದಲೂ ಈ ಎರಡು ಪರೀಕ್ಷೆ ಮಾಡಿಕೊಳ್ಳಿ.

ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ಅಲ್ಲೇ ತುಂಬಿಕೊಂಡರೆ ಹುಳಿಯುವುದೇ ನಿಲ್ಲುತ್ತದೆ. ಹಾಗಾಗದಂತೆ ಆರ್ಕಿಯಾ ಎಂಬ ಜೀವಿಗಳು ಅದನ್ನು ಎಳೆದುಕೊಂಡು ಮಿಥೇನ್ ಮಾಡುತ್ತವೆ. ದನ ಅದನ್ನು ತೇಗಿನಲ್ಲಿ ಹೊರಗೆ ಬಿಡುತ್ತದೆ. ಹೆಚ್ಚಿನ ಪಾಲು ಹೋಗುವುದು ಬಾಯಿಂದಲೇ, ಜನ ತಿಳಿದಂತೆ ಹಿಂದಿನಿಂದಲ್ಲ. ಬಲಿತ ದನ ದಿನಕ್ಕೆ 200ರಿಂದ 500 ಲೀಟರ್ ಮಿಥೇನ್ ಬಿಡಬಲ್ಲದು. ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಒಣಹುಲ್ಲು ತಿನ್ನುವ ದನದಲ್ಲಿ ನಷ್ಟ ಹೆಚ್ಚು. ಹವಾಮಾನದವರಿಗೆ ಇದು ಭೂಮಿ ಬಿಸಿಯಾಗುವ ಲೆಕ್ಕ. ಗೋದಲಿಯ ಮುಂದೆ ನಿಂತವರಿಗೆ ಮೇವಿನ ಲೆಕ್ಕ. ಇವೆರಡೂ ಒಂದೇ ಕಡೆ ಸೇರುವುದರಿಂದಲೇ ಮಿಥೇನ್ ತಗ್ಗಿಸಬಲ್ಲ ಗಿಡದ ಸಾರಗಳ ಮೇಲೆ ಜಗತ್ತಿನಾದ್ಯಂತ ಇಷ್ಟು ಸಂಶೋಧನೆ ನಡೆದಿದೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ 1970ರ ದಶಕದಿಂದ ಮೊನೆನ್ಸಿನ್ ಎಂಬ ಆಂಟಿಬಯೋಟಿಕ್ ಔಷಧವನ್ನು ದನದ ಮೇವಿಗೆ ಬೆರೆಸುತ್ತ ಬಂದರು. ಅದು ಹೊಟ್ಟೆಯ ಕೆಲವು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿ, ಕಡಿಮೆ ಮೇವಿನಲ್ಲಿ ಹೆಚ್ಚು ಬೆಳವಣಿಗೆ ಕೊಡುತ್ತದೆ. ಆದರೆ ಬೆಳವಣಿಗೆಗೆಂದು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ಆಗ ಕಂಪನಿಗಳು ಗಿಡಗಳತ್ತ ಓಡಿದವು. ನಮ್ಮ ಅಜ್ಜಿ ಓಂಕಾಳು ಕುಟ್ಟಿ ಕುಡಿಸುತ್ತಿದ್ದುದು ಹಿಂದುಳಿದ ಪದ್ಧತಿ ಎನಿಸಿಕೊಂಡಿತ್ತು. ಅದೇ ಓಂಕಾಳಿನ ಥೈಮಾಲ್ ಡ್ರಮ್ಮಿನಲ್ಲಿ ತುಂಬಿ ಬಂದಾಗ ವಿಜ್ಞಾನವಾಯಿತು. ಹೀಗೆಂದು ನಾನು ಅಜ್ಜಿಯ ಪರ ವಕಾಲತ್ತು ವಹಿಸುತ್ತಿಲ್ಲ. ಅಜ್ಜಿ ಕುಡಿಸಿದ್ದು ಒಂದು ಹೊತ್ತಿನ ಮದ್ದು, ಕಂಪನಿ ಕೊಡಲು ಬಂದದ್ದು ದಿನದ ಮೇವು. ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ.

ಹೊಟ್ಟೆಗೆ ಉಪಯೋಗಕ್ಕೆ ಬರುವ ಗಿಡಗಳನ್ನು ನಾಲಗೆ ಮೂಗಿನಿಂದಲೇ ವಿಂಗಡಿಸಬಹುದು. ಕೆಲವು ಒಗರು, ಕೆಲವು ನೊರೆ, ಕೆಲವು ಘಮಘಮ. ನಮ್ಮ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು ಒಗರು. ಜಾಲಿಯ ತೊಗಟೆ, ತಂಗಡಿ ಗಿಡದ ತೊಗಟೆ ಹಾಕಿ ಹಸಿ ತೊಗಲನ್ನು ಹದ ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ತೊಗಲಿನ ಪ್ರೋಟೀನನ್ನು ಹಿಡಿದು ಕೊಳೆಯದಂತೆ ಮಾಡುವುದು ಆ ತೊಗಟೆಯಲ್ಲಿರುವ ಟ್ಯಾನಿನ್. ಅದೇ ಟ್ಯಾನಿನ್ ದನದ ಹೊಟ್ಟೆಯಲ್ಲೂ ಪ್ರೋಟೀನನ್ನೇ ಹಿಡಿಯುತ್ತದೆ. ದೊಡ್ಡ ಹೊಟ್ಟೆಯ ನೀರು ಹೆಚ್ಚು ಹುಳಿಯಿರುವುದಿಲ್ಲ, ಪಿಎಚ್ 6ರಿಂದ 7ರ ಆಸುಪಾಸು. ಅಲ್ಲಿ ಟ್ಯಾನಿನ್ ಮತ್ತು ಪ್ರೋಟೀನ್ ಅಂಟಿಕೊಂಡೇ ಇರುತ್ತವೆ, ಬ್ಯಾಕ್ಟೀರಿಯಾಗಳ ಬಾಯಿಗೆ ಸಿಗುವುದಿಲ್ಲ. ನಾಲ್ಕನೆಯ ಕೋಣೆಯಲ್ಲಿ ಆಮ್ಲ ಜೋರಾಗಿ ಪಿಎಚ್ 3ರ ಹತ್ತಿರ ಇಳಿದಾಗ ಆ ಹಿಡಿತ ಬಿಡುತ್ತದೆ. ಪ್ರೋಟೀನ್ ನೇರವಾಗಿ ದನಕ್ಕೆ ದಕ್ಕುತ್ತದೆ.

ಶೇಂಗಾ ಹಿಂಡಿ ಹಾಕುವ ಮನೆಗೆ ಇದು ಒಳ್ಳೆಯ ಸುದ್ದಿ. ಶೇಂಗಾ ಹಿಂಡಿಯ ಪ್ರೋಟೀನ್ ದೊಡ್ಡ ಹೊಟ್ಟೆಯಲ್ಲಿ ಬಹಳ ಬೇಗ ಒಡೆದು ಅಮೋನಿಯಾ ಆಗುತ್ತದೆ, ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ತುಸು ಒಗರು ಬೆರೆತರೆ ಆ ಓಟ ನಿಧಾನವಾಗುತ್ತದೆ. ಟ್ಯಾನಿನ್ ಮಿಥೇನನ್ನೂ ಕಡಿಮೆ ಮಾಡುತ್ತದೆ. ಇದನ್ನು ನಮ್ಮ ರಾಜ್ಯದಲ್ಲೇ ಕೆಲಸಕ್ಕೆ ತಂದವರಿದ್ದಾರೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಹುಣಸೆಬೀಜದ ಸಿಪ್ಪೆಯ ಒಗರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಟ್ಯಾನಿನ್ ಹೆಚ್ಚಿರುವ ಗಿಡಗಳ ಭಾಗಗಳಿಂದ 'ಹರಿತ್ ಧಾರಾ' ಎಂಬ ಮೇವಿನ ಪುಡಿ ರೂಪಿಸಿದರು. ಅದು ಮಿಥೇನನ್ನು ನೂರಕ್ಕೆ 17ರಿಂದ 20ರಷ್ಟು ಇಳಿಸುತ್ತದೆ ಎಂಬುದು ಸಂಸ್ಥೆಯ ಲೆಕ್ಕ. ಹೊಟ್ಟೆ ಪೂರ್ತಿ ಬಲಿಯದ, ಮೂರು ತಿಂಗಳೊಳಗಿನ ಕರುಗಳಿಗೆ ಅದನ್ನು ಕೊಡುವಂತಿಲ್ಲ ಎಂದೂ ಅವರೇ ಹೇಳಿದ್ದಾರೆ. ಆ ಆಡುಗೋಡಿಗೆ ದನದ ವಿದ್ಯೆಯ ಹಳೆಯ ನಂಟೂ ಉಂಟು: ಅಲ್ಲಿದ್ದ ಇಂಪೀರಿಯಲ್ ಡೇರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿ ಹೋಗಿ ಹೈನುಗಾರಿಕೆ ಕಲಿತು, ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡಿದ್ದರು.

ಹುಣಸೆಬೀಜದ ಸಿಪ್ಪೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಬೀಜ ಹುರಿದು ಕುಟ್ಟಿದರೆ ಕಂದುಬಣ್ಣದ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಒಳಗಿನ ಬಿಳಿ ಬೇಳೆ ಬಟ್ಟೆ ಗಿರಣಿಗಳ ಗಂಜಿಯ ಪುಡಿಗೆ ಹೋಗುತ್ತದೆ. ಸಿಪ್ಪೆ ಕಸ. ಆ ಕಸದಲ್ಲೇ ಒಗರು ಇರುವುದು. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ, ನಾಲಗೆ ಗುಂಯ್ ಎಂದು ಹಿಡಿದುಕೊಳ್ಳುತ್ತದೆ. ನಾಲಗೆಯ ಜೊಲ್ಲಿನ ಪ್ರೋಟೀನನ್ನು ಅದು ಹಿಡಿದದ್ದೇ ಆ ರುಚಿ.

ಹಾಗಾದರೆ ನಾಳೆಯೇ ಸಿಪ್ಪೆ ಕುಟ್ಟಿ ಎಲ್ಲ ಎಮ್ಮೆಗಳಿಗೂ ಹಾಕಿಬಿಡೋಣವೇ? ಇಲ್ಲಿ ಅಳತೆಯ ಮಾತು ಬರುತ್ತದೆ. ತಿನ್ನುವ ಒಣ ಮೇವಿನ ಲೆಕ್ಕದಲ್ಲಿ ಟ್ಯಾನಿನ್ ನೂರಕ್ಕೆ 2ರಿಂದ 4 ಭಾಗ ಇದ್ದರೆ ಲಾಭ. 5 ದಾಟುತ್ತ ಹೋದಂತೆ ದನ ಮೇವು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ನಾರು ಕರಗುವುದೂ ಕುಂದುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಒಗರು ಹಿಡಿಯಬೇಕಾದರೆ ಹಿಡಿಯಲು ಪ್ರೋಟೀನ್ ಹೊಟ್ಟೆಯಲ್ಲಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆಯಿಡೀ ಬರೀ ನೆಲ್ಲು ಹುಲ್ಲು ತಿನ್ನುವ ಎಮ್ಮೆಗಳನ್ನು ನೆನೆಸಿಕೊಳ್ಳಿ. ನೆಲ್ಲು ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3ರಿಂದ 4. ಹೊಟ್ಟೆಯ ಜೀವಿಗಳು ತಕ್ಕಮಟ್ಟಿಗೆ ಬದುಕಿ ಕೆಲಸ ಮಾಡಲು ಮೇವಿನಲ್ಲಿ ನೂರಕ್ಕೆ 7ರಷ್ಟಾದರೂ ಬೇಕು. ಇರುವ ಮೂರನ್ನೂ ಒಗರಿನಿಂದ ಕಟ್ಟಿಹಾಕಿದರೆ ಎಮ್ಮೆ ಇನ್ನಷ್ಟು ಸೊರಗುತ್ತದೆ. ಒಂದೇ ಪುಡಿ ಹಿಂಡಿ ತಿನ್ನುವ ಮನೆಯಲ್ಲಿ ಲಾಭ, ಬರೀ ಹುಲ್ಲು ಹಾಕುವ ಮನೆಯಲ್ಲಿ ನಷ್ಟ. ಪೊಟ್ಟಣದ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ನಮ್ಮ ಕುರುಬರಿಗೆ ಒಗರಿನ ಅಳತೆ ತಲೆಮಾರುಗಳಿಂದ ಗೊತ್ತು. ಲಿಂಗಸುಗೂರು, ಸಿಂಧನೂರು ಭಾಗದ ಕೆಂಗುರಿ ಕುರಿಯ ಹಿಂಡಿನವರು ಬೇಸಿಗೆಯಲ್ಲಿ ದೋಟಿ ಹಿಡಿದು ಕರಿಜಾಲಿಯ ಕಾಯಿ ಉದುರಿಸುತ್ತಾರೆ. ಆದರೆ ಒಂದೇ ಮರದ ಕೆಳಗೆ ಹೊಟ್ಟೆ ತುಂಬುವ ತನಕ ಬಿಡುವುದಿಲ್ಲ. ಉದುರಿಸಿ, ಒಂದಿಷ್ಟು ತಿನ್ನಿಸಿ, ಮುಂದೆ ಹೊಡೆದುಕೊಂಡು ಹೋಗುತ್ತಾರೆ. ಆಡಿನ ಲೆಕ್ಕ ಬೇರೆ. ಗಿಡದ ಸೊಪ್ಪು ತಿಂದೇ ಬದುಕುವ ಅದರ ಜೊಲ್ಲು ಒಗರನ್ನು ಬಾಯಲ್ಲೇ ಹಿಡಿದು ಸುಮ್ಮನಾಗಿಸುವುದರಲ್ಲಿ ಎಮ್ಮೆಗಿಂತ ಮುಂದು. ಆಡು ತಿಂದು ದಕ್ಕಿಸಿಕೊಂಡಿತು ಎಂದು ಎಮ್ಮೆಗೂ ಅದನ್ನೇ ಸುರಿಯುವುದು ತರವಲ್ಲ.

ನೊರೆಯ ಗಿಡಗಳ ಮಾತು ಬೇಗ ಮುಗಿಸುತ್ತೇನೆ. ಅಂಟವಾಳ, ಸೀಗೆಕಾಯಿಯ ಸಪೋನಿನ್ ಪ್ರೊಟೊಜೋವಗಳ ಹೊದಿಕೆಯಲ್ಲಿರುವ ಕೊಲೆಸ್ಟೆರಾಲನ್ನು ಹಿಡಿದು ಅವನ್ನು ಒಡೆದುಹಾಕುತ್ತದೆ. ಪ್ರೊಟೊಜೋವಗಳು ಬ್ಯಾಕ್ಟೀರಿಯಾಗಳನ್ನು ತಿನ್ನುವ ಜೀವಿಗಳು, ಮಿಥೇನ್ ಮಾಡುವವು ಅವುಗಳ ಮೈಗೇ ಅಂಟಿಕೊಂಡು ಬದುಕುತ್ತವೆ. ಆದ್ದರಿಂದ ಅವು ಕಡಿಮೆಯಾದರೆ ಒಂದೇ ಏಟಿಗೆ ಎರಡು ಲಾಭ. ಆದರೆ ಕೆಲವು ವಾರಗಳಲ್ಲಿ ಹೊಟ್ಟೆಯ ಬೇರೆ ಜೀವಿಗಳು ಸಪೋನಿನ್ನನ್ನೇ ಕತ್ತರಿಸಿ ತಿನ್ನುವುದನ್ನು ಕಲಿತುಬಿಡುತ್ತವೆ, ಪ್ರೊಟೊಜೋವಗಳು ಮತ್ತೆ ಬೆಳೆಯುತ್ತವೆ. ಎರಡು ದಿನದ ಪ್ರಯೋಗದಲ್ಲಿ ಭರ್ಜರಿ ಫಲ ಕಾಣುವುದು, ಎರಡು ತಿಂಗಳಲ್ಲಿ ಏನೂ ಇಲ್ಲದಂತಾಗುವುದು ಈ ಕಾರಣಕ್ಕೇ.

ಘಮದ ಗಿಡಗಳು ನಮ್ಮ ಅಡುಗೆಮನೆಯವೇ. ಓಂಕಾಳಿನಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್, ಬೆಳ್ಳುಳ್ಳಿಯಲ್ಲಿ ಗಂಧಕದ ಸಂಯುಕ್ತಗಳು, ಹವೀಜದಲ್ಲಿ ಲಿನಲೂಲ್. ಪ್ರೋಟೀನನ್ನು ಅಮೋನಿಯಾ ಮಾಡಿ ಹಾಳುಗೆಡವುವ ಕೆಲವು ಬ್ಯಾಕ್ಟೀರಿಯಾಗಳನ್ನು ಇವು ಹಿಡಿತದಲ್ಲಿಡುತ್ತವೆ. ಹೊರದೇಶಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದ ಮಿಶ್ರಣ ಸ್ವಿಟ್ಜರ್ಲೆಂಡಿನ ಅಗೋಲಿನ್. ಅದರಲ್ಲಿರುವುದು ನಮ್ಮ ಹವೀಜದ ಎಣ್ಣೆ, ಯೂಜಿನಾಲ್, ಜೆರಾನಿಯಾಲ್ ಮುಂತಾದವು, ಹಸುವಿಗೆ ದಿನಕ್ಕೆ ಒಂದೇ ಗ್ರಾಂ. ಅನೇಕ ಪ್ರಯೋಗಗಳನ್ನು ಕೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆ, ನಾಲ್ಕು ವಾರ ಕಳೆದ ಮೇಲೆ ಹಾಲು ನೂರಕ್ಕೆ ಸುಮಾರು 4ರಷ್ಟು ಹೆಚ್ಚಿದ್ದನ್ನು ತೋರಿಸಿತು. ನಾಲ್ಕು ಎಂದರೆ ಏನು? ಅಲ್ಲಿಯ ಹಸು 30 ಲೀಟರ್ ಕೊಟ್ಟರೆ ಒಂದು ಲೀಟರಿನ ಮೇಲೆ. ನಮ್ಮ ಎಮ್ಮೆ 4 ಲೀಟರ್ ಕೊಟ್ಟರೆ ಒಂದು ಚಹಾದ ಲೋಟ. ಅದೂ ಅಲ್ಲಿಯ ಹಸುವಿನ ಮುಂದೆ ಇರುವ ದಾಣಿ ನಮ್ಮ ಎಮ್ಮೆಯ ಮುಂದೂ ಇದ್ದರೆ.

ಹರಿತ್ ಧಾರಾದಂಥ ಪುಡಿಯ ಲೆಕ್ಕವನ್ನೂ ಮಾಡಿಬಿಡೋಣ, ಲೆಕ್ಕ ಕಷ್ಟವಲ್ಲ. ಒಂದು ಲೀಟರ್ ಮಿಥೇನಿನಲ್ಲಿ ಸುಮಾರು 9.5 ಕಿಲೋ ಕ್ಯಾಲೊರಿ. ದಿನಕ್ಕೆ 200 ಲೀಟರ್ ಬಿಡುವ ಎಮ್ಮೆ 1,900 ಕಿಲೋ ಕ್ಯಾಲೊರಿ ಗಾಳಿಗೆ ಬಿಟ್ಟಂತೆ. ಅದರಲ್ಲಿ ಐದನೇ ಒಂದು ಪಾಲು ತಡೆದರೆ 380. ಎಮ್ಮೆ ಹಾಲು ಲೀಟರಿಗೆ ಸುಮಾರು ಸಾವಿರ ಕಿಲೋ ಕ್ಯಾಲೊರಿ. ತಡೆದ ಶಕ್ತಿ ಹಾಲಾಗುವಾಗ ಮೂರನೇ ಒಂದು ಪಾಲಿಗೂ ಮಿಕ್ಕಿ ಶಾಖವಾಗಿ ಹೋಗುತ್ತದೆ. ಎಲ್ಲ ಸರಿಹೋದರೂ ಕೈಗೆ ಸಿಗುವುದು ಕಾಲು ಲೀಟರಿಗಿಂತ ಕಡಿಮೆ. ಬೇಡವೆನ್ನುವಷ್ಟು ಸಣ್ಣದಲ್ಲ ಇದು, ಎರಡು ಲೀಟರ್ ಹೆಚ್ಚುತ್ತದೆ ಎಂದು ಅಂಗಡಿಯಲ್ಲಿ ಹೇಳುವಷ್ಟು ದೊಡ್ಡದೂ ಅಲ್ಲ.

ಅದಕ್ಕಿಂತ ದೊಡ್ಡ ಲಾಭ ಬಣವಿಯಲ್ಲೇ ಬಿದ್ದಿದೆ. ಉದ್ದ ಕಣಿಕಿಯನ್ನು ಹಾಗೇ ಎಸೆದರೆ ಎಮ್ಮೆ ಎಲೆ ತಿಂದು ದಂಟು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ನೆಲ್ಲು ಹುಲ್ಲಿಗೆ ಯೂರಿಯಾ ಉಪಚಾರ ಹಳೆಯ ವಿದ್ಯೆ: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರಕ್ಕೆ ಚಿಮುಕಿಸಿ ತುಳಿದು, ಗಾಳಿಯಾಡದಂತೆ ತಾಡಪತ್ರಿ ಮುಚ್ಚಿ ಮೂರು ವಾರ ಬಿಡಬೇಕು. ತೆಗೆದಾಗ ಕಣ್ಣು ಉರಿಯುವಂಥ ಅಮೋನಿಯಾ ವಾಸನೆ ಬರುತ್ತದೆ, ಅದು ಆರುವ ತನಕ ಬಿಸಿಲಿಗೆ ಹರವಿ ಆಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ, ಯೂರಿಯಾ ನೀರಂತೂ ಯಾವ ದನದ ಬಾಯಿಗೂ ಸಿಗಬಾರದು. ಇಷ್ಟು ಮಾಡಿದರೆ ಹುಲ್ಲಿನ ಪ್ರೋಟೀನ್ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ಮಟ್ಟ ಮುಟ್ಟಿದ ಮೇಲೆ ಗಿಡದ ಸಾರದ ಮಾತು. ಕಾಲುವೆ ಕೆಳಗೆ ಯಂತ್ರದಲ್ಲಿ ನೆಲ್ಲು ಕೊಯ್ಯಿಸಿ ಹುಲ್ಲಿಗೆ ಹೊಲದಲ್ಲೇ ಬೆಂಕಿ ಹಚ್ಚಿ, ಊರಿಗೆ ಬಂದು ಹಾಲು ಹೆಚ್ಚಿಸುವ ಬಾಟಲಿ ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದುಂಟು.

ಮದ್ದಿನ ಮಾತಿಗೆ ಬರುತ್ತೇನೆಂದು ಹೇಳಿದ್ದೆ. "ಡಾಕ್ಟ್ರೆ, ಎಮ್ಮಿ ಮೆಲಕ ಹಾಕವಲ್ದು, ಹೊಟ್ಟಿ ಉಬ್ಬೈತಿ, ಏನರ ಕುಡಸ್ರಿ" ಎಂದು ನಡುರಾತ್ರಿ ಫೋನ್ ಬಂದಾಗ ನಾನೂ ಮೊದಲು ಕೇಳುತ್ತಿದ್ದುದು ಮನೆಯಲ್ಲಿ ಶೇಂಗಾ ಎಣ್ಣೆ, ಇಂಗು, ಓಂಕಾಳು ಇದೆಯೇ ಎಂದೇ. ಹಸಿ ಶೇಂಗಾ ಬಳ್ಳಿ ತಿಂದು ಬರುವ ಉಬ್ಬರದಲ್ಲಿ ಹೊಟ್ಟೆಯೊಳಗೆ ನೊರೆ ತುಂಬಿರುತ್ತದೆ. ಎಣ್ಣೆ ಆ ನೊರೆಯನ್ನು ಒಡೆಯುತ್ತದೆ, ದನ ತೇಗುತ್ತದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಉಬ್ಬರ, ಅಜೀರ್ಣಕ್ಕೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಅರಿಷಿಣ, ಶುಂಠಿ, ಬೆಲ್ಲ, ವೀಳ್ಯದೆಲೆಯ ಮುದ್ದೆಯನ್ನು ಹೇಳಿಕೊಡುತ್ತದೆ. ಅಪಾಯವಿರುವುದು ಮದ್ದಿನಲ್ಲಿ ಅಲ್ಲ, ಅದನ್ನು ಕುಡಿಸುವ ಗೊಟ್ಟದಲ್ಲಿ. ನಾಲಗೆ ಹೊರಗೆಳೆದು, ಮೂತಿ ಆಕಾಶಕ್ಕೆತ್ತಿ ಗೊಟ್ಟ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಬ್ಬರದಿಂದ ಉಳಿದ ಎಮ್ಮೆ ನಾಲ್ಕನೇ ದಿನ ನ್ಯುಮೋನಿಯಾದಿಂದ ಸಾಯುತ್ತದೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ತತ್ತಿ, ಎಣ್ಣೆ, ಅರಿಷಿಣದ ಗೊಟ್ಟ ಹಾಕುವವರೂ ಇದನ್ನು ಗಮನಿಸಬೇಕು. ಮೂತಿ ನೆಲಕ್ಕೆ ಸಮನಾಗಿರಲಿ, ಕೆಮ್ಮಿದರೆ ತಕ್ಷಣ ಬಿಡಿ.

ಒಂದು ಹೊತ್ತು ಕೊಟ್ಟರೆ ಮದ್ದಾಗುವ ಈ ಮಸಾಲೆಯನ್ನೇ "ಜೀರ್ಣಕ್ಕೆ ಒಳ್ಳೇದು" ಎಂದು ದಿನಾ ಮುದ್ದೆಮುದ್ದೆ ತಿನ್ನಿಸಿದರೆ? ಕೆಟ್ಟ ಬ್ಯಾಕ್ಟೀರಿಯಾ ಮಾತ್ರ ಸಾಯಲಿ ಎಂದು ಓಂಕಾಳಿಗೆ ಹೇಳಿಕೊಡಲು ಬರುವುದಿಲ್ಲ. ಹೆಚ್ಚಾದರೆ ನಾರು ಕರಗಿಸುವವೂ ಕುಸಿಯುತ್ತವೆ. ಹಾಲಿಗೆ ಬೆಳ್ಳುಳ್ಳಿ ವಾಸನೆ ಹತ್ತಿ ಸಂಘದಲ್ಲಿ ವಾಪಸ್ ಬರುವುದು ಬೇರೆ.

ಗಿಡವೆಂದರೆ ನಿರಪಾಯ ಎಂಬ ನಂಬಿಕೆಗೆ ನಮ್ಮ ಹೊಲದಲ್ಲೇ ಉತ್ತರವಿದೆ. ಕೊಯ್ದ ಜೋಳದ ಕೂಳೆಗೆ ಅಕಾಲದ ಮಳೆ ಬಿದ್ದು ಚಿಗುರು ಒಡೆದಾಗ ದನ ನುಗ್ಗಿ ತಿಂದು, ಅಲ್ಲೇ ಒದ್ದಾಡಿ ಬೀಳುವುದನ್ನು ಕಂಡವರು ಇಲ್ಲಿ ಅನೇಕರಿದ್ದೀರಿ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತುವಿದೆ. ಅದನ್ನು ಒಡೆದು ಸಯನೈಡ್ ಬಿಡುವುದು ಇದೇ ಹೊಟ್ಟೆಯ ಜೀವಿಗಳು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಗ ಸಿಕ್ಕರೆ ಉಳಿಯುತ್ತದೆ, ತಡವಾದರೆ ಇಲ್ಲ. ಅದೇ ಜೋಳ ಬಲಿತು ಒಣಗಿ ಕಣಿಕಿಯಾದರೆ ನಮ್ಮ ದನಗಳ ಅನ್ನ. ಬಳ್ಳಾರಿ ಜಾಲಿಯದೂ ಇದೇ ಕತೆ. ಅದರ ಮಾಗಿದ ಕಾಯಿ ಸಿಹಿ, ಪ್ರೋಟೀನೂ ಇದೆ. ದನ ಬಲು ಆಸೆಯಿಂದ ತಿನ್ನುತ್ತದೆ. ಬೇರೆ ಮೇವಿಲ್ಲದೆ ತಿಂಗಳುಗಟ್ಟಲೆ ಅದನ್ನೇ ತಿಂದ ದನದ ದವಡೆಯ ನರ ಸೋತು, ಮುಖ ಒಂದು ಕಡೆ ವಾಲಿ, ಅಗಿಯಲಾರದೆ ಕೃಶವಾಗುತ್ತದೆ. ಬ್ರೆಜಿಲಿನಲ್ಲಿ ಇದನ್ನು ಸೊಟ್ಟಮೋರೆ ರೋಗ ಎನ್ನುತ್ತಾರೆ. ಸ್ವಾರಸ್ಯವೆಂದರೆ, ಆ ನರ ಕೆಡಿಸುವ ಆಲ್ಕಲಾಯ್ಡುಗಳನ್ನೇ ಸಾರ ತೆಗೆದು, ಅತಿ ಸಣ್ಣ ಪ್ರಮಾಣದಲ್ಲಿ ಮೊನೆನ್ಸಿನ್ ಬದಲಿಗೆ ಬಳಸಲು ಬರುತ್ತದೆಯೇ ಎಂದು ಪರೀಕ್ಷಿಸಿದವರೂ ಬ್ರೆಜಿಲಿನವರೇ. ದೇವದುರ್ಗದ ದಾರಿಯುದ್ದಕ್ಕೂ ನಾವು ಇದ್ದಿಲಿಗಾಗಿ ಮಾತ್ರ ನೆನೆಯುವ ಗಿಡ ಅದು.

ಆದ್ದರಿಂದ ಅಂಗಡಿಯಲ್ಲಿ ಪೊಟ್ಟಣ ಹಿಡಿದಾಗ ಒಳಗೆ ಯಾವ ಗಿಡದ ಯಾವ ಭಾಗ, ಕೆಲಸ ಮಾಡುವ ವಸ್ತು ಎಷ್ಟು ಎಂದು ಕೇಳಿ. ಒಂದೇ ಗಿಡದ ಒಗರು ಋತು ಋತುವಿಗೆ ಬದಲಾಗುತ್ತದೆ, ಅಳೆಯದೆ ತುಂಬಿದ ಪುಡಿಯನ್ನು ನಂಬಿ ಕೆಡಬೇಡಿ. ಪರೀಕ್ಷೆ ಮಾಡಿದ ದನ ಏನು ತಿನ್ನುತ್ತಿತ್ತು ಎಂದೂ ಕೇಳಿ. ಜರ್ಮನಿಯ ಹೋಹೆನ್‌ಹೈಮಿನಲ್ಲಿ 1979ರಲ್ಲಿ ರೂಢಿಗೆ ತಂದ ವಿಧಾನವೊಂದಿದೆ: ಗಾಜಿನ ಸಿರಿಂಜಿನಲ್ಲಿ 200 ಮಿಲಿಗ್ರಾಂ ಮೇವಿಗೆ ದನದ ಹೊಟ್ಟೆಯ ನೀರು ಸೇರಿಸಿ, 39 ಡಿಗ್ರಿ ಬಿಸಿಯಲ್ಲಿ 24 ಗಂಟೆ ಇಟ್ಟು ಎಷ್ಟು ಗ್ಯಾಸ್ ಹುಟ್ಟಿತು ಎಂದು ನೋಡುವುದು. ಬಹಳಷ್ಟು ಗಿಡಗಳ ಪ್ರತಾಪ ಆ ಸಿರಿಂಜಿನಲ್ಲೇ ಮುಗಿಯುತ್ತದೆ. ಎಮ್ಮೆಯ ಮೇಲೆ, ವಾರಗಟ್ಟಲೆ ನೋಡಿದ ಫಲ ಇದೆಯೇ ಎಂಬುದು ಮುಖ್ಯ.

ಹಾಗೆ ನೋಡುವ ಕೆಲಸ ಮಟಮಾರಿಯಲ್ಲೇ ಆಗಬಹುದು. ಕರು ಹಾಕಿ ಎರಡು ಮೂರು ತಿಂಗಳಾದ, ಹೆಚ್ಚುಕಡಿಮೆ ಒಂದೇ ಹಾಲಿನ ಎಮ್ಮೆಗಳಿರುವ ಏಳೆಂಟು ಮನೆಯವರು ಒಪ್ಪಿಕೊಳ್ಳಿ. ಕತ್ತರಿಸಿದ ಮೇವು, ಒಂದಿಷ್ಟು ಹಿಂಡಿ, ಖನಿಜದ ಪುಡಿ, ನೀರು ಎಲ್ಲರಲ್ಲೂ ಸಮನಾಗಿರಲಿ. ಅರ್ಧ ಮನೆಗಳಲ್ಲಿ ಪಶುವೈದ್ಯರು ಹೇಳಿದ ಅಳತೆಯಲ್ಲಿ ಗಿಡದ ಪುಡಿ ಐದು ವಾರ ನಡೆಯಲಿ, ಉಳಿದರ್ಧದಲ್ಲಿ ಬೇಡ. ಹೊಟ್ಟೆಯ ಜೀವಿಗಳು ಹೊಂದಿಕೊಳ್ಳುವ ಮೊದಲ ಮೂರು ವಾರದ ಲೆಕ್ಕ ಬಿಟ್ಟುಬಿಡಿ. ಆಮೇಲೆ ಅದಲುಬದಲು ಮಾಡಿ. ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನು ತಕ್ಕಡಿಗೆ ಹಾಕಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಲೆಕ್ಕ ಬಿಡಿಸಲು ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನೋ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರನ್ನೋ ಕೇಳಬಹುದು. ಹಾಲಿನ ಅಳತೆ, ಫ್ಯಾಟ್ ಎರಡೂ ಹಾಲಿನ ಸಂಘದ ಚೀಟಿಯಲ್ಲೇ ಇರುತ್ತವೆ. ಆ ಚೀಟಿಗಳನ್ನು ಬಿಸಾಡದೆ ಒಂದು ದಾರಕ್ಕೆ ಪೋಣಿಸಿ ಗೂಟಕ್ಕೆ ತೂಗುಹಾಕಿದರೆ ಅರ್ಧ ಕೆಲಸ ಮುಗಿದಂತೆ.